ಖಾಜಾ ಸರ್ ಮತ್ತು ಕೈ ತಿರುಚಿದ ಪ್ರಕರಣ

ಹೊಸ ಮಾತೊಂದು ಸಿಕ್ಕರೆ ಸಾಕು, ಖಾಜಾ ಸರ್ ಅವರ ಬಲಗಾಲು ಕುಣಿಯಲು ಶುರುವಾಗುತ್ತಿತ್ತು. ಅದು ಅವರ ಹತೋಟಿಯಲ್ಲಿ ಇರಲಿಲ್ಲ. ಬಳ್ಳಾರಿಯಿಂದ ಕುರುಗೋಡಿನ ಕಡೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅವರ ಪಕ್ಕ ಕೂತವರಿಗೆ ಸೀಟು ಗಡಗಡ ಅಂದಾಗ ರಸ್ತೆ ಕೆಟ್ಟಿದೆಯೋ, ಸರ್‌ಗೆ ಮಾತು ಸಿಕ್ಕಿದೆಯೋ ತಿಳಿಯುತ್ತಿರಲಿಲ್ಲ. ಒಂದು ದಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಬಸ್ಸು ಹತ್ತಿ, ಜಾಗ ಬಿಡದ ಗಂಡಸರನ್ನು ನೋಡಿ, "ಕುಂತೋರಿಗೆ ಊರು ಹತ್ತರ, ನಿಂತೋರಿಗೆ ದೂರ" ಎಂದಳು. ಸರ್ ತಟ್ಟನೆ ಎದ್ದು ತಮ್ಮ ಸೀಟನ್ನು ಆಕೆಗೆ ಕೊಟ್ಟರು. ಆಮೇಲೆ ಆಕೆಯ ಪಕ್ಕದಲ್ಲೇ ನಿಂತು, ಕಂಬಿ ಹಿಡಿದು, "ಅಮ್ಮಾ, ಅದನ್ನ ಇನ್ನೊಂದ್ ಸಲ ಹೇಳ್ರಿ" ಎಂದು ಟಿಕೆಟ್ಟಿನ ಹಿಂದೆ ಬರೆದುಕೊಂಡರು. ಮುದುಕಿ ನನ್ನ ಕಡೆ ತಿರುಗಿ, "ಇವ್ರು ಪೊಲೀಸ್ನೋರೇನವ್ವಾ?" ಎಂದು ಪಿಸುಗುಟ್ಟಿದಳು.

ಕುರುಗೋಡು ದಾಟಿ ಸ್ವಲ್ಪ ದೂರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಮೇಷ್ಟ್ರು. ನಾನು ಆಗತಾನೇ ಅಲ್ಲಿಗೆ ಅತಿಥಿ ಶಿಕ್ಷಕಿಯಾಗಿ ಸೇರಿದ್ದೆ. ನನ್ನ ಊರು ಸಿರುಗುಪ್ಪ. ಬಳ್ಳಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓಡಾಡುತ್ತಿದ್ದೆ. ಸರ್ ಮನೆ ಬ್ರೂಸ್‌ಪೇಟೆಯಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲೆ. ಅವರ ಹೆಂಡತಿ ಫಾತಿಮಾಬೀ ಅಂಗಿ ಒಗೆಯುವ ಮೊದಲು ಜೇಬಿನಿಂದ ಟಿಕೆಟ್ಟುಗಳನ್ನೆಲ್ಲ ತೆಗೆದು ಹಿಟ್ಟಿನ ಡಬ್ಬಿಯ ಮೇಲೆ ಜೋಡಿಸಿಡುತ್ತಿದ್ದರು. ಒಮ್ಮೆ ಮರೆತು ನೀರಿಗೆ ಹಾಕಿಬಿಟ್ಟಿದ್ದರಂತೆ. "ಎರಡ್ ದಿನಾ ನನ್ನ ಕೂಡ ಮಾತಾಡ್ಲಿಲ್ಲ ಟೀಚರ್. ಮಾತು ಕಳಕೊಂಡೀನಿ, ಏನ್ ಮಾತಾಡ್ಲಿ ಅಂತಾರ!" ಎಂದು ಅವರು ನನಗೆ ದೂರು ಹೇಳಿದ್ದರು.

ಮಕ್ಕಳು ಯಾವುದಾದರೂ ಇಂಗ್ಲಿಷ್ ಮಾತಿನ ಅರ್ಥ ಕೇಳಿದರೆ ಸರ್ ಉತ್ತರ ಹೇಳುತ್ತಿರಲಿಲ್ಲ. ಮೂರು ಪ್ರಶ್ನೆ ಕೇಳುತ್ತಿದ್ದರು. ಯಾರು ಹೇಳಿದ್ರು? ಯಾರಿಗೆ ಹೇಳಿದ್ರು? ಹೇಳುವಾಗ ಮಾರಿ ಹೆಂಗಿತ್ತು? "ಅರ್ಥ ಡಿಕ್ಷನರಿಯಾಗ ಐತಿ, ಯಾರ್ ಬೇಕಾದ್ರೂ ತೆಗದು ನೋಡಬಹುದು. ಮಾತಿಗೆ ಒಂದು ವಾಸನಿ ಇರತೈತಿ, ಅದು ಪುಸ್ತಕದಾಗ ಸಿಗಂಗಿಲ್ಲ" ಎನ್ನುತ್ತಿದ್ದರು. ಆಗಷ್ಟೇ ಬಿ.ಎಡ್. ಮುಗಿಸಿ ಬಂದ ನನಗೆ ಇದು ಕಾಲಹರಣವೆನಿಸಿತ್ತು. ಪರೀಕ್ಷೆಯಲ್ಲಿ ಯಾರು ವಾಸನೆ ಕೇಳುತ್ತಾರೆ?

ನನ್ನ ಅಭಿಪ್ರಾಯ ಬದಲಾದದ್ದು ಒಂದು ನೋಟೀಸಿನಿಂದ.

ಪುಣೆಯ ಒಂದು ಸಂಸ್ಥೆ ನಮ್ಮ ಶಾಲೆಗೆ ಪ್ರಯೋಗಾಲಯದ ಸಾಮಾನು ಕೊಟ್ಟಿತ್ತು. ಅದು ಸರಿಯಾಗಿ ಬಳಕೆಯಾಗುತ್ತಿದೆಯೇ ಎಂದು ನೋಡಲು ಅಲ್ಲಿಂದ ಒಬ್ಬರು ಹೆಣ್ಣುಮಗಳು ಬಂದಿದ್ದರು. ನಮ್ಮ ಹೆಡ್ ಮೇಡಂ ಶಾರದಮ್ಮನವರು ಆಳೆತ್ತರದ, ಗಟ್ಟಿ ದನಿಯ ಹೆಂಗಸು. ಮೈದಾನದ ಆ ತುದಿಯಲ್ಲಿದ್ದ ಹುಡುಗರೂ ಅವರ ಕೆಮ್ಮಿಗೆ ಸಾಲು ಸರಿಮಾಡಿಕೊಳ್ಳುತ್ತಿದ್ದರು. ಅತಿಥಿಗಳು ಮಧ್ಯಾಹ್ನವೇ ಹೊರಡುವವರಿದ್ದರು. ಮೇಡಂ ಬಿಡಲಿಲ್ಲ. ಊಟ ಮಾಡಿಸಿದರು, ಮಕ್ಕಳ ಕೋಲಾಟ ತೋರಿಸಿದರು, ಸಂಜೆ ಬಸ್ಸು ಹತ್ತಿಸಿದರು. ಅಲ್ಲಿಗೆ ಎಲ್ಲವೂ ಮುಗಿಯಿತು ಎಂದುಕೊಂಡಿದ್ದೆವು.

ಹದಿನೈದು ದಿನಗಳ ನಂತರ ಬಳ್ಳಾರಿಯ ಶಿಕ್ಷಣ ಇಲಾಖೆಯ ಕಚೇರಿಯಿಂದ ಕಾಗದ ಬಂತು. ಅತಿಥಿಗಳು ತಮ್ಮ ಸಂಸ್ಥೆಗೆ ಬರೆದ ಇಂಗ್ಲಿಷ್ ವರದಿಯ ಪ್ರತಿ ಅಲ್ಲಿಗೆ ಹೋಗಿತ್ತು. ಅದರಲ್ಲಿ, "ನಾನು ಮಧ್ಯಾಹ್ನವೇ ಹೊರಡುವವಳಿದ್ದೆ, ಆದರೆ ಹೆಡ್ ಮೇಡಂ ಟ್ವಿಸ್ಟೆಡ್ ಮೈ ಆರ್ಮ್" ಎಂದು ಒಂದು ವಾಕ್ಯವಿತ್ತು. ಕಚೇರಿಯಲ್ಲಿ ಯಾರೋ ಅದನ್ನು ಫೋನಿಗೆ ಕೊಟ್ಟು ಕನ್ನಡ ಮಾಡಿಸಿದ್ದರು. ನೋಟೀಸಿನಲ್ಲಿ ಹೀಗಿತ್ತು: "ಅತಿಥಿಯ ತೋಳನ್ನು ತಿರುಚಿ ಸಂಜೆಯವರೆಗೆ ತಡೆದಿಟ್ಟುಕೊಂಡ ಬಗ್ಗೆ ಮೂರು ದಿನಗಳೊಳಗೆ ಖುದ್ದಾಗಿ ಹಾಜರಾಗಿ ವಿವರಣೆ ನೀಡತಕ್ಕದ್ದು."

ಶಾರದಮ್ಮನವರು ಕುರ್ಚಿಯ ಮೇಲೆ ಕುಸಿದರು. ಅವರ ನಿವೃತ್ತಿಗೆ ಇನ್ನೊಂದು ವರ್ಷವಿತ್ತು. "ಮೂವತ್ತು ವರ್ಷದಾಗ ಒಂದು ಮಗೂಗೂ ಕೈ ಎತ್ತಿಲ್ರಿ ನಾನು. ಬರೀ ದನಿಯಾಗ ಸಾಲಿ ನಡಿಸೀನಿ" ಎಂದು ಅಳತೊಡಗಿದರು. ಆ ದನಿ ಅಳುವುದನ್ನು ನಾವು ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಸುದ್ದಿ ಕಿಟಕಿ ದಾಟಿ ಊರು ಸೇರಿತ್ತು. ಮಧ್ಯಾಹ್ನ ಹಾಲಿನ ಡೇರಿಯ ಹತ್ತಿರ ಮೇಡಂ ಕೈ ತಿರುವಿದರಂತೆ ಎಂದಿದ್ದದ್ದು, ಸಂಜೆ ಬಸ್ ನಿಲ್ದಾಣಕ್ಕೆ ನಾವು ಬರುವಾಗ ಎಲುಬು ಮುರಿದು ಪುಣೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡಿದ್ದಾರಂತೆ ಎಂಬಲ್ಲಿಗೆ ಮುಟ್ಟಿತ್ತು.

ಖಾಜಾ ಸರ್ ನೋಟೀಸು ಓದುವಾಗ ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಕುಣಿಯುತ್ತಿತ್ತು. ಮೇಜಿನ ಮೇಲಿದ್ದ ನೀರಿನ ಲೋಟ ಅಲುಗುತ್ತಿತ್ತು. ಸರ್‌ಗೆ ಅದು ಗೊತ್ತಾಗಿ, ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದರು. "ತೌಬಾ, ತೌಬಾ! ಮೇಡಂ ಅಳಾಕತ್ಯಾರ, ನನಗ ಖುಷಿ ಆಗಾಕತ್ತೈತಿ. ತಪ್ಪು ತಿಳೀಬ್ಯಾಡ್ರಿ ಮೇಡಂ. ಇಂಥಾ ಮಾತು ಇಪ್ಪತ್ತು ವರ್ಷದಾಗ ಸಿಕ್ಕಿಲ್ಲ. ನಾನು ಬರ್ತೀನಿ ನಿಮ್ಮ ಕೂಡ." ನನ್ನ ಕಡೆ ಕೈ ತೋರಿಸಿ, "ವಿಜಯಾ ಟೀಚರೂ ಬರ್ಲಿ. ಏನೂ ಆಗಂಗಿಲ್ಲ."

ಮರುದಿನ ಮೂವರೂ ಬಳ್ಳಾರಿಯ ಆ ಕಚೇರಿಗೆ ಹೋದೆವು. ಅಧಿಕಾರಿ ಕೆಟ್ಟವರಾಗಿರಲಿಲ್ಲ. ಕಡತ ತೆರೆದಿಟ್ಟುಕೊಂಡು, ಇದು ಹೇಗೆ ಮುಗಿಯುತ್ತದೋ ಎಂಬ ಮುಜುಗರದಲ್ಲಿ ಕೂತಿದ್ದರು. ಚಹಾ ತರಿಸಿದರು. ಮೇಡಂ, "ಬ್ಯಾಡ್ರಿ ಸರ್" ಎಂದರು.

"ತಗೊಳ್ರಿ ಮೇಡಂ."

"ಇಲ್ರಿ ಸರ್, ಗಂಟಲಾಗ ಇಳಿಯಂಗಿಲ್ಲ."

"ಅದೆಂಗ ಇಳಿಯಂಗಿಲ್ಲ? ನಮ್ಮ ಆಫೀಸಿಗೆ ಬಂದು ಹಂಗ ಹೋದ್ರ ನಮಗ ಬ್ಯಾಸರ ಆಗತೈತಿ. ಅರ್ಧಾ ಕಪ್ ತಗೊಳ್ರಿ. ತಗೊಳ್ರಿ ಅಂದ್ರ!"

ಮೇಡಂ ಕಪ್ಪು ಎತ್ತಿಕೊಂಡು ಒಂದು ಗುಟುಕು ಕುಡಿದರು. ಪಕ್ಕದಲ್ಲಿ ಖಾಜಾ ಸರ್ ಕುರ್ಚಿ ಕಿರ್ರ್ ಎಂದಿತು. ಅವರು ಎದ್ದೇ ನಿಂತಿದ್ದರು.

"ಸರ್, ಮಾಫ್ ಮಾಡ್ರಿ. ಈಗ ನೀವು ನಮ್ಮ ಮೇಡಂ ಕೈ ತಿರುವಿದ್ರಿ!"

ಅಧಿಕಾರಿ ಬೆಚ್ಚಿ ತಮ್ಮ ಎರಡೂ ಕೈಗಳನ್ನು ಮೇಜಿನಿಂದ ಹಿಂದಕ್ಕೆ ತೆಗೆದುಕೊಂಡರು. ಪಕ್ಕದ ಮೇಜಿನ ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು.

"ನಾನೆಲ್ಲಿ ಮುಟ್ಟೀನ್ರಿ?"

"ಮೇಡಂನೂ ಮುಟ್ಟಿಲ್ಲ ಸರ್! ಅವ್ರು ಬ್ಯಾಡ ಅಂದ್ರು, ನೀವು ಬಿಡಲಿಲ್ಲ, ಅವ್ರು ಕುಡದ್ರು. ಈಗ ಇವ್ರು ಮನಿಗೆ ಹೋಗಿ ಏನಂತಾರ? ಒಲ್ಲೆ ಒಲ್ಲೆ ಅಂದ್ರೂ ಸಾಹೇಬ್ರು ಬಿಡಲಿಲ್ಲ ಅಂತಾರ. ಇಂಗ್ಲಿಷ್ ಮಂದಿ ಅದನ್ನ ಕೈ ತಿರುವಿದ್ರು ಅಂತಾರ. ಇಷ್ಟ ಸರ್ ಇದು!"

ಕೋಣೆಯಲ್ಲಿ ನಗು ಎದ್ದಿತು. ಆದರೆ ಅಧಿಕಾರಿ ನಗಲಿಲ್ಲ. ಸ್ವಲ್ಪ ಯೋಚಿಸಿ, "ನೀವು ಹೇಳೋದು ಖರೆ ಇರಬಹುದು. ಆದ್ರ ಜಬರ್ದಸ್ತಿ ಮಾಡಿದ್ರೂ ಇದ ಮಾತು ಬಳಸ್ತಾರಂತಲ್ರಿ? ಆಕಿ ಯಾವ ಅರ್ಥದಾಗ ಬರದಾರಂತ ನನಗೆಂಗ ಗೊತ್ತಾಗಬೇಕು?" ಎಂದರು.

ಸರ್ ಮುಖ ಅರಳಿತು. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ನೋಡುವಂತೆ ಅವರನ್ನು ನೋಡಿದರು. "ಭೇಷ್ ಸರ್! ಅದ ನೋಡ್ರಿ ಮಾತು. ಇದಕ್ಕ ಎರಡು ಮಾರಿ ಅದಾವ. ನಕ್ಕೋಂತ ಅಂದ್ರ ಒಂದು, ನಗಲಾರದ ಅಂದ್ರ ಇನ್ನೊಂದು. ಕಾಗದದಾಗ ನಗು ಕಾಣಂಗಿಲ್ಲ. ನನ್ನ ಕೇಳಬ್ಯಾಡ್ರಿ, ಮೇಡಂನ್ನೂ ಕೇಳಬ್ಯಾಡ್ರಿ. ಕೈ ತಿರುವಿಸಿಕೊಂಡೋರನ್ನ ಕೇಳ್ರಿ."

ಅಧಿಕಾರಿ ಫೋನು ಹಚ್ಚಿದರು. ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು. ಪುಣೆಯ ಆ ಹೆಣ್ಣುಮಗಳಿಗೆ ಸಂಗತಿ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಅವರು ನಕ್ಕ ನಗು! ಹಿಂದಿಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ, ಆ ಕೋಲಾಟ ನೋಡದೆ ಹೋಗಿದ್ದರೆ ಎಂಥ ನಷ್ಟವಾಗುತ್ತಿತ್ತು, ಹೆಡ್ ಮೇಡಂ ತಮಗೆ ಅಕ್ಕನ ಹಾಗೆ ಉಣ್ಣಿಸಿದರು ಎಂದೆಲ್ಲ ಹೇಳಿದರು. ಶಾರದಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಧಿಕಾರಿ ಕಡತ ಮುಚ್ಚಲು ಕೈ ಚಾಚಿದರು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಅವರು ಖಾಜಾ ಸರ್ ಆಗುತ್ತಿರಲಿಲ್ಲ. ಫೋನಿನತ್ತ ಬಾಗಿ, ಇಂಗ್ಲಿಷಿನಲ್ಲಿ, ಬಹಳ ಮೃದುವಾಗಿ ಕೇಳಿದರು: "ಮೇಡಂ, ಆವತ್ತು ನಿಮಗೆ ಒಂದಿಷ್ಟೂ ಬೇಸರವಾಗಲಿಲ್ಲವೇ?"

ನಾನು ಸರ್ ಅಂಗಿಯ ತೋಳು ಜಗ್ಗಿದೆ. ಶಾರದಮ್ಮನವರು ಅವರನ್ನು ನೋಡಿದ ನೋಟಕ್ಕೆ ಚಹಾ ಮತ್ತೆ ಕುದಿಯಬೇಕಿತ್ತು.

"ಸ್ವಲ್ಪ ಆಗಿತ್ತು" ಎಂದರು ಆ ಹೆಣ್ಣುಮಗಳು. ಮಗನ ಹುಟ್ಟುಹಬ್ಬಕ್ಕೆ ಮನೆ ಸೇರಬೇಕಿತ್ತಂತೆ. ರೈಲು ತಪ್ಪಿತಂತೆ. ಅಷ್ಟು ಪ್ರೀತಿಯಿಂದ ಕರೆಯುವವರಿಗೆ ಹೇಗೆ ಹೇಳುವುದೆಂದು ಹೇಳಲಿಲ್ಲವಂತೆ. "ಹಾಗೆಂದು ದೂರೇನೂ ಇಲ್ಲ" ಎಂದು ಮತ್ತೆ ನಕ್ಕರು. ಈ ನಗು ಮೊದಲಿನದಕ್ಕಿಂತ ಚಿಕ್ಕದಾಗಿತ್ತು.

ಶಾರದಮ್ಮನವರ ನೋಟ ಕೆಳಗಿಳಿಯಿತು. ಫೋನನ್ನು ತಮ್ಮ ಹತ್ತಿರ ಎಳೆದುಕೊಂಡು, ತಮಗೆ ಬರುವ ಹಿಂದಿಯಲ್ಲಿ, "ಮುಝೆ ಮಾಲೂಮ್ ನಹೀ ಥಾ ಬೇಟಿ, ಮಾಫ್ ಕರೋ" ಎಂದರು. ಕಡತ ಅಂದೇ ಮುಚ್ಚಿತು. ಹೊರಗೆ ಬಂದ ಮೇಲೆ ಮೇಡಂ ಮೆಟ್ಟಿಲ ಮೇಲೆ ನಿಂತು, "ಖಾಜಾ ಸರ್, ನಿಮಗ ಸನ್ಮಾನ ಮಾಡಬೇಕೋ ಬಡೀಬೇಕೋ ತಿಳೀವಲ್ದು" ಎಂದರು. ಸರ್ ನಮ್ಮಿಬ್ಬರನ್ನೂ ಬ್ರೂಸ್‌ಪೇಟೆಗೆ ಕರೆದೊಯ್ದು ಬಿಸಿ ಮಿರ್ಚಿ ಕೊಡಿಸಿದರು. ಮೇಡಂ ಎರಡು ತಿಂದು ಮೂರನೆಯದನ್ನು ಬೇಡವೆಂದಾಗ, ಯಾರೂ ಒತ್ತಾಯ ಮಾಡಲಿಲ್ಲ. ಅವರೇ ಸ್ವಲ್ಪ ಹೊತ್ತು ಕಾದು, ಅತ್ತಿತ್ತ ನೋಡಿ, ತೆಗೆದುಕೊಂಡು ತಿಂದರು.

ಮರುದಿನ ನಾನು ಖಾಜಾ ಸರ್ ತರಗತಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಕರಿಹಲಗೆಯ ಮೇಲೆ ಅವರು ಮೂರು ಮಾತು ಬರೆದಿದ್ದರು: ಜಬರ್ದಸ್ತಿ, ಒತ್ತಾಯ, ಮೊಹಮಾಟ. ಮೂರನೆಯದು ತೆಲುಗಿನದು; ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಎದುರಿನವರ ಮುಖ ನೋಡಿ ಬೇಡ ಎನ್ನಲಾಗದ ಸಂಕೋಚ ಅದು.

"ಜಬರ್ದಸ್ತಿಯೊಳಗ ಪ್ರೀತಿ ಇರಂಗಿಲ್ಲ, ಅದು ಎಲ್ಲಾರಿಗೂ ಗೊತ್ತಾಗತೈತಿ. ಒತ್ತಾಯ ಅನ್ನೋದು ಭಾಳ ಮೋಸದ ಮಾತು. ಬೀಗ್ರಿಗೆ ಇನ್ನೊಂದು ಹೋಳಿಗಿ ಹಾಕೋದೂ ಒತ್ತಾಯ, ಒಲ್ಲದ ಹುಡುಗಿನ ಒಪ್ಪಿಸೋದೂ ಒತ್ತಾಯ. ಎರಡಕ್ಕೂ ಒಂದ ಮಾತು ಇಟಗೊಂಡೀವಿ ನಾವು. ಇನ್ನ ಈ ಮೊಹಮಾಟ ಐತಲ್ಲ, ಇದು ತಿರುವಿಸಿಕೊಳ್ಳೋರ ಕೈಯಾಗಿನ ನೋವು. ಅವ್ರು ನಕ್ಕೋಂತ ಇರತಾರ, ನಮಗ ಕಾಣಂಗಿಲ್ಲ." ಕಾಲು ಕುಣಿಯುತ್ತಿತ್ತು, ಸೀಮೆಸುಣ್ಣ ಕುಣಿಯುತ್ತಿತ್ತು. ಒಂದು ಇಂಗ್ಲಿಷ್ ಮಾತನ್ನು ಹಿಡಿದು ನಮ್ಮ ಮನೆಗಳ ಒಳಕೋಣೆಯವರೆಗೆ ಹೋಗಬಹುದೆಂದು ನನಗೆ ಆವತ್ತು ತಿಳಿಯಿತು. ಮಾತು ಮೆಚ್ಚಿಕೊಂಡೆ. ಆದರೆ ಕಲಿತಿರಲಿಲ್ಲ.

ಹುಲಿಗೆಮ್ಮ ಎಂಬ ಹುಡುಗಿ ಒಂಬತ್ತನೇ ತರಗತಿಯಲ್ಲಿದ್ದಳು. ಆಕೆಯ ಪ್ರಬಂಧಗಳನ್ನು ಓದುವಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಬಳ್ಳಾರಿಯಲ್ಲಿ ಭಾಷಣ ಸ್ಪರ್ಧೆ ಇದೆಯೆಂದು ತಿಳಿದದ್ದೇ ಆಕೆಯನ್ನು ಕರೆದೆ. ಒಲ್ಲೆ ಎಂದಳು. ನಾನು ಬಿಡಲಿಲ್ಲ. ನಾಲ್ಕು ದಿನ ಬೆನ್ನು ಹತ್ತಿದೆ. ಶಾಲೆಯ ಮರ್ಯಾದೆ ಎಂದೆ, ನಿನ್ನ ಮೇಲೆ ಎಷ್ಟು ಆಸೆ ಇಟ್ಟಿದ್ದೇನೆ ನೋಡು ಎಂದೆ. ಐದನೆಯ ದಿನ ತಲೆಯಾಡಿಸಿದಳು. ಬಸ್ಸಿನಲ್ಲಿ ಸರ್‌ಗೆ ಹೆಮ್ಮೆಯಿಂದ ಹೇಳಿದೆ: "ನಿಮ್ಮ ಮಾತಿನಂಗ ಆತು ಸರ್. ಕೈ ತಿರುವಿ ಒಪ್ಪಿಸೀನಿ!"

ಅವರ ಕಾಲು ಅಲುಗಲಿಲ್ಲ. "ಆಕಿ ನಕ್ಕಳೇನ್ರಿ?" ಎಂದರು.

ನನಗೆ ಸಿಟ್ಟು ಬಂತು. "ಎಲ್ಲಾದಕ್ಕೂ ನಗಬೇಕೇನ್ರಿ ಸರ್? ಹಿಂದಿನಿಂದ ನೂಕಲಿಲ್ಲಂದ್ರ ನಮ್ಮ ಕಡಿ ಹೆಣ್ಣುಮಕ್ಕಳು ಮುಂದ ಬರೋದು ಯಾವಾಗ? ನನ್ನನ್ನೂ ಹಂಗ ಯಾರೋ ನೂಕಿದ್ರು, ಅದಕ್ಕ ಇಲ್ಲಿ ಕುಂತೀನಿ."

"ಅದೂ ಖರೇನ" ಎಂದು ಅವರು ಒಪ್ಪಿಕೊಂಡರು. ಕುರುಗೋಡಿನ ಗುಡ್ಡ ಕಾಣಿಸಿಕೊಂಡಾಗ ಮತ್ತೆ ಮಾತಾಡಿದರು. "ನಾನೂ ಒಬ್ಬನ್ನ ನೂಕಿದ್ದೆ ತಂಗಿ. ಭಾಳ ವರ್ಷದ ಮಾತು. ಕಂಠಪಾಠ ಛಲೋ ಮಾಡತಿದ್ದ. ವಾರ್ಷಿಕೋತ್ಸವದಾಗ ಸ್ಟೇಜಿಗೆ ಹತ್ತಿಸಿದೆ. ಒಂದು ಮಾತೂ ಬರಲಿಲ್ಲ. ಮಂದಿ ನಕ್ಕರು, ನಾನೂ ನಕ್ಕೆ. ಹೆದರಿಕಿ ಹೋಗ್ಲಿ ಅಂತ ನಕ್ಕೆ ನಾನು. ಅವ ಮಾರನೇ ದಿನದಿಂದ ಸಾಲಿಗೆ ಬರಲಿಲ್ಲ. ಈಗ ಬ್ರೂಸ್‌ಪೇಟ್ಯಾಗ ಅವಂದ ಅಂಗಡಿ ಐತಿ, ಛಲೋ ನಡೀತೈತಿ. ಆದ್ರ ಇವತ್ತಿಗೂ ನನ್ನ ಕಂಡ್ರ ರಸ್ತಿ ದಾಟಿ ಆ ಕಡಿ ಹೋಗತಾನ."

ಅವರು ನನ್ನನ್ನು ತಂಗಿ ಎಂದು ಕರೆದದ್ದು ಅದೇ ಮೊದಲು.

ಅಂದು ಮಧ್ಯಾಹ್ನ ಹುಲಿಗೆಮ್ಮನನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡೆ. "ನೋಡವಾ, ನನ್ನ ಮಾರಿ ನೋಡಬ್ಯಾಡ. ಆ ಗ್ವಾಡಿ ನೋಡಿ ಹೇಳು. ನಿನಗ ಹೋಗಾಕ ಮನಸೈತೇನು?" ಆಕೆ ಗೋಡೆಯ ಕಡೆ ತಿರುಗಿದಳು. ಊಟದ ಗಂಟೆ ಮುಗಿಯುವ ಹೊತ್ತಿಗೆ, "ಬ್ಯಾಡ್ರಿ ಟೀಚರ್. ನಾಲ್ಕು ದಿನದಿಂದ ಹೊಟ್ಟಿಗೆ ಕೂಳು ಹೋಗವಲ್ದು" ಎಂದಳು. ಹೇಳಿದ ಮೇಲೆ ಉಸಿರು ಬಿಟ್ಟಳು ನೋಡಿ, ಆ ಉಸಿರಿನ ಸದ್ದು ನನಗೆ ಇನ್ನೂ ನೆನಪಿದೆ. ಸ್ಪರ್ಧೆಗೆ ನಮ್ಮ ಶಾಲೆಯಿಂದ ಯಾರೂ ಹೋಗಲಿಲ್ಲ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎರಡು ತಿಂಗಳ ಮೇಲೆ ಆಕೆಯೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ನೋಟುಬುಕ್ಕು. "ಟೀಚರ್, ನಾ ಮಾತಾಡಂಗಿಲ್ಲ. ಆದ್ರ ನಾಟಕ ಬರದೀನಿ. ಬ್ಯಾರೆಯವ್ರು ಮಾತಾಡ್ಲಿ" ಎಂದಳು. ನಾಟಕದ ಹೆಸರು 'ಪುಣೆಯ ಪ್ಲಾಸ್ಟರ್'. ಓದುತ್ತ ಓದುತ್ತ ನಾನು ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಊರಿನಲ್ಲಿ ಸುದ್ದಿ ಹಬ್ಬಿದ ರೀತಿ, ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗುವಾಗ ಒಂದೊಂದೇ ಎಲುಬು ಮುರಿಯುವ ರೀತಿ, ಎಲ್ಲವೂ ಇತ್ತು. ಹೆಡ್ ಮೇಡಂ ಒಪ್ಪುತ್ತಾರೆಯೇ ಎಂದು ಹೆದರುತ್ತ ಕೊಟ್ಟೆವು. ಅವರು ಓದಿ ಮುಗಿಸಿ, ಕನ್ನಡಕ ತೆಗೆದು, "ಇದರಾಗ ನನ್ನ ಪಾರ್ಟು ಭಾಳ ಸಣ್ಣದಾತು" ಎಂದರು.

ವಾರ್ಷಿಕೋತ್ಸವದ ಮಧ್ಯಾಹ್ನ ಊರಿಗೆ ಊರೇ ಮೈದಾನದಲ್ಲಿತ್ತು. ಶಾರದಮ್ಮನವರು ತಮ್ಮ ಪಾತ್ರವನ್ನು ತಾವೇ ಮಾಡಿದರು. ಖಾಜಾ ಸರ್ ಅಧಿಕಾರಿಯಾಗಿದ್ದರು. ಮೇಡಂ ಚಹಾ ಬೇಡ ಎನ್ನಬೇಕು, ಸರ್ ಕುಡಿಸಬೇಕು. ಮೇಡಂ ಬೇಡ ಬೇಡ ಎನ್ನುತ್ತ ನಿಜವಾಗಿಯೇ ಪಟ್ಟು ಹಿಡಿದುಬಿಟ್ಟರು. ಸರ್‌ಗೆ ಮಾತು ಮುಗಿದುಹೋಯಿತು. ಪರದೆಯ ಹಿಂದಿನಿಂದ ಹುಲಿಗೆಮ್ಮ, "ಹಂಗಾರ ನೀವ ಕುಡೀರಿ ಸರ್, ಆರತೈತಿ!" ಎಂದು ಕೂಗಿದಳು. ಅದು ನಾಟಕದಲ್ಲಿ ಇರಲಿಲ್ಲ. ಮೈಕಿಗೆ ಸಿಕ್ಕಿ ಇಡೀ ಮೈದಾನಕ್ಕೆ ಕೇಳಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಸೀಟಿ ಹೊಡೆದರು. ಖಾಜಾ ಸರ್ ಒಂದೇ ಗುಟುಕಿಗೆ ಕಪ್ಪು ಖಾಲಿ ಮಾಡಿ, ಪರದೆಯ ಕಡೆ ತಿರುಗಿ ಸಲಾಂ ಮಾಡಿದರು. ಹಿಂದೆ ಹೋಗಿ ನೋಡಿದರೆ ಆ ಹುಡುಗಿ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಮುಂದೆ ನನಗೆ ಸಿರುಗುಪ್ಪದ ಹತ್ತಿರ ಕಾಯಂ ಕೆಲಸ ಸಿಕ್ಕಿತು. ಸರ್ ನಿವೃತ್ತರಾದರು. ಹೋದ ವರ್ಷ ಚಳಿಗಾಲದ ಒಂದು ಭಾನುವಾರ ಫಾತಿಮಾಬೀ ಅವರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಊಟವಾದ ಮೇಲೆ ತುಂಗಭದ್ರೆಯ ದಂಡೆಗೆ ಹೋದೆವು. ಅಲ್ಲಿ ಒಂದು ಹರಗೋಲು ಇತ್ತು. ಫಾತಿಮಾಬೀ ಸೀರೆ ಎತ್ತಿ ಕಟ್ಟಿ ಹುಡುಗಿಯ ಹಾಗೆ ಹತ್ತಿ ಕೂತರು. ಸರ್ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೇ ನಿಂತುಬಿಟ್ಟರು. "ಅವ್ರಿಗೆ ನೀರಂದ್ರ ಭಾಳ ಹೆದರಿಕಿ. ಸಣ್ಣವರಿದ್ದಾಗ ಕಾಲುವ್ಯಾಗ ಬಿದ್ದಿದ್ರಂತ. ನನ್ನ ಮದುವಿ ಆದಾಗಿಂದ ಹೊಳಿ ನೋಡಾಕೂ ಬಂದಿಲ್ಲ" ಎಂದರು ಫಾತಿಮಾಬೀ. ಬರ್ರಿ ಸರ್, ಏನೂ ಆಗಂಗಿಲ್ಲ ಎನ್ನಲು ನಾನು ಬಾಯಿ ತೆರೆದೆ. ಹಾಗೆಯೇ ಮುಚ್ಚಿಕೊಂಡೆ. ನಾವಿಬ್ಬರೇ ಒಂದು ಸುತ್ತು ಹೋಗಿ ಬಂದೆವು. ಅವರು ದಂಡೆಯ ಮೇಲೆ ನಮ್ಮ ಜೊತೆಜೊತೆಗೆ ಅತ್ತಿಂದಿತ್ತ ನಡೆಯುತ್ತಿದ್ದರು.

ಹರಗೋಲು ಮರಳಿಗೆ ತಾಗಿದ್ದೇ ಸರ್ ಪ್ಯಾಂಟು ಮಡಚಿ, ಯಾರನ್ನೂ ನೋಡದೆ, ಬಂದು ಕೂತರು. ಹೆಂಡತಿಯ ಮೊಣಕೈ ಹಿಡಿದುಕೊಂಡಿದ್ದರು. ನಡುಹೊಳೆಯಲ್ಲಿ ಅಂಬಿಗ ಒಮ್ಮೆ ಗಿರ್ರನೆ ತಿರುಗಿಸಿದ. ಸರ್ ಕಿರುಚಿದರು. ಆಮೇಲೆ ಕಣ್ಣುಬಿಟ್ಟು, ಹಿಡಿತ ಬಿಟ್ಟು, ಒಂದು ಕೈಯನ್ನು ನೀರಿಗೆ ಇಳಿಬಿಟ್ಟರು. "ತಿರುಗಿಸು ಮಾರಾಯ, ಇನ್ನೊಮ್ಮಿ ತಿರುಗಿಸು! ಫಾತಿಮಾ, ನೋಡಿಲ್ಲೆ, ನೀರಾಗ ಅದೀನಿ ನಾನು!" ಎಂದು ಕೂಗುತ್ತಲೇ ಇದ್ದರು. ಅಂಬಿಗ ನಗುತ್ತ ನಾಲ್ಕು ಸಲ ತಿರುಗಿಸಿದ.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಕೂತಲ್ಲೇ ಅವರು ಹೋದರು. ಫಾತಿಮಾಬೀ ಫೋನಿನಲ್ಲಿ, "ಹೊಳಿ ಸುದ್ದಿ ಬ್ರೂಸ್‌ಪೇಟಿಗೆಲ್ಲಾ ಹೇಳಿದ್ರವ್ವಾ, ಯಾರನ್ನೂ ಬಿಟ್ಟಿಲ್ಲ" ಎಂದು ಅತ್ತರು.

ಆ ಭಾನುವಾರದ ಸಂಜೆ ಸರ್ ಹೊಳೆಯಿಂದ ರಸ್ತೆಯವರೆಗೆ ಬರಿಗಾಲಲ್ಲೇ ನಡೆದು ಬಂದರು. ಪಾದದ ತುಂಬ ಒದ್ದೆ ಮರಳು ಅಂಟಿತ್ತು. ಬಳ್ಳಾರಿ ಬಸ್ಸು ಬಂತು. ಕಂಡಕ್ಟರನಿಗೆ ಹೊಳೆಯ ಕಡೆ ಬೆರಳು ತೋರಿಸಿ ಏನೋ ಹೇಳುತ್ತಲೇ ಹತ್ತಿದರು. ಚಪ್ಪಲಿ ಇನ್ನೂ ಕೈಯಲ್ಲೇ ಇದ್ದವು.